‘ಯಜಮಾನರು ಇನ್ನಿಲ್ಲ’: ವಿದೇಶಿ ವಿದ್ಯಾರ್ಥಿಗಳ ಕನ್ನಡ ತರಗತಿಯ ಕಥೆ

ಸ್ಮರಣ ಸಂಚಿಕೆಯ ಸಂಪಾದಕರು ಬರೆದ ಪತ್ರದಲ್ಲಿ “ವಿದೇಶಿ ವಿದ್ಯಾರ್ಥಿಗಳ ಕನ್ನಡ ತರಗತಿ ನಡೆದುಬಂದ ದಾರಿ, ನಾಲ್ಕಾರು ಪುಟ ಮೀರದಂತೆ” ಎಂದಿದೆ. ದಾರಿಯೇನೋ ನನಗೆ ಚೆನ್ನಾಗಿ ಗೊತ್ತು. ಕನ್ನಡ ವಿಭಾಗವನ್ನು ಹಿಂದಿನಿಂದ ಸುತ್ತಿ, ಸೈಕಲ್ ಸ್ಟ್ಯಾಂಡು ದಾಟಿ, ಕಬ್ಬಿಣದ ಮೆಟ್ಟಿಲು ಹತ್ತಿದರೆ ಒಂದು ಉದ್ದನೆಯ ಕೋಣೆ. ಕಿಟಕಿಯಾಚೆ ಹೊಂಗೆಮರ. ಒಳಗೆ ಒಂದು ಕರಿಹಲಗೆ, ಆರು ಕುರ್ಚಿ. ಏಳನೆಯ ವಿದ್ಯಾರ್ಥಿ ಬಂದ ವರ್ಷ ಗ್ರಂಥಾಲಯದಿಂದ ಒಂದು ಸ್ಟೂಲು ಹೊತ್ತು ತಂದೆವು. ಅದನ್ನು ವಾಪಸು ಕೊಟ್ಟ ನೆನಪಿಲ್ಲ. ಯಾವ ದೇಶದಿಂದ ಎಷ್ಟು ಜನ ಬಂದರು, ಯಾರ ಕಾಲದಲ್ಲಿ ಯಾವ ಒಪ್ಪಂದಕ್ಕೆ ರುಜು ಬಿತ್ತು ಎಂಬುದೆಲ್ಲ ಕಚೇರಿಯ ಕಡತದಲ್ಲಿದೆ. ಅದನ್ನು ಇದೇ ಸಂಚಿಕೆಯಲ್ಲಿ ಬೇರೆಯವರು ಬರೆಯುತ್ತಿದ್ದಾರಂತೆ. ಅವರ ಕೆಲಸಕ್ಕೆ ನಾನು ಕೈಹಾಕುವುದಿಲ್ಲ.

ನನ್ನ ಹತ್ತಿರ ಇರುವ ಕಡತ ಬೇರೆ. ಸಯ್ಯಾಜಿರಾವ್ ರಸ್ತೆಯ ಅಂಗಡಿಯೊಂದರಲ್ಲಿ ಕೊಂಡ ಕೆಂಪು ರಟ್ಟಿನ, ಲೆಕ್ಕ ಬರೆಯುವ ಉದ್ದ ಪುಸ್ತಕ. ಎಡಪುಟದಲ್ಲಿ ವಿದ್ಯಾರ್ಥಿ ಹೇಳಿದ್ದು, ಬಲಪುಟದಲ್ಲಿ ಹೇಳಬೇಕಾಗಿದ್ದದ್ದು. ಕಲಿಯುವವರು ತಪ್ಪಿದರೆ ಅಲ್ಲಲ್ಲೇ ಹಿಡಿಯಬೇಡ, ಬಾಯಿ ಕಟ್ಟಿಹೋಗುತ್ತದೆ ಎಂದು ನಮ್ಮ ಹಿರಿಯ ಮೇಷ್ಟ್ರೊಬ್ಬರು ಮೊದಲ ವಾರವೇ ಎಚ್ಚರಿಸಿದ್ದರು. ಹಾಗಾಗಿ ಬರೆದಿಟ್ಟುಕೊಂಡು ಮಾರನೆಯ ದಿನ ಅದನ್ನೇ ಪಾಠ ಮಾಡುತ್ತಿದ್ದೆ. ಯಮಲೋಕದ ಕಥೆ ಓದಿದ ವಾರದಿಂದ ವಿದ್ಯಾರ್ಥಿಗಳು ಅದಕ್ಕೆ ‘ಚಿತ್ರಗುಪ್ತನ ಪುಸ್ತಕ’ ಎಂದು ಹೆಸರಿಟ್ಟರು. ನಮ್ಮ ತರಗತಿಯ ಪಠ್ಯಕ್ರಮ ಹುಟ್ಟಿದ್ದು ಯಾವ ಸಮಿತಿಯಿಂದಲೂ ಅಲ್ಲ, ಈ ಎಡಪುಟಗಳಿಂದ. ಇಷ್ಟು ಮಾತು ಸಂಚಿಕೆಯಲ್ಲಿ ದಾಖಲಾದರೆ ನನಗೆ ಸಾಕು.

ಹೊರಗಿನವರು ಕನ್ನಡ ಕಲಿಯುವುದು ನಮ್ಮ ಕೋಣೆಯಲ್ಲಿ ಶುರುವಾದದ್ದೇನೂ ಅಲ್ಲ. ಸೆರಾಂಪುರದಲ್ಲಿ ಕೂತು ವಿಲಿಯಂ ಕೇರಿ ಕನ್ನಡ ವ್ಯಾಕರಣ ಅಚ್ಚು ಹಾಕಿಸಿದ್ದು 1817ರಲ್ಲಿ. ಬಾಸೆಲ್ ಮಿಷನ್ನಿನ ಕಿಟ್ಟೆಲ್ಲರ ನಿಘಂಟು ಮಂಗಳೂರಿನಿಂದ 1894ರಲ್ಲಿ ಹೊರಬಂತು, ಅವರ ವ್ಯಾಕರಣ 1903ರಲ್ಲಿ. ನಮ್ಮ ಮೈಸೂರಿನಲ್ಲೇ ವೆಸ್ಲಿಯನ್ ಮಿಷನ್ನಿನ ಪ್ರೆಸ್ಸು 1914ರಲ್ಲಿ ಹೆರಾಲ್ಡ್ ಸ್ಪೆನ್ಸರ್ ಬರೆದ ಕನ್ನಡ ವ್ಯಾಕರಣವನ್ನು ಅಭ್ಯಾಸಪಾಠಗಳ ಸಮೇತ ಅಚ್ಚು ಮಾಡಿತು. ಅವರೆಲ್ಲ ನಮಗೆ ಏನನ್ನೋ ಹೇಳಲು ಕನ್ನಡ ಕಲಿತವರು. ಸ್ವಾತಂತ್ರ್ಯ ಬಂದ ಮೇಲೆ ಬಂದವರಲ್ಲಿ ಹೆಚ್ಚಿನವರು ನಾವು ಏನು ಹೇಳುತ್ತೇವೆಂದು ಕೇಳಲು ಕಲಿತರು. ವಿಲಿಯಂ ಬ್ರೈಟ್ ಅವರ ಆಡುಗನ್ನಡದ ರೂಪರೇಖೆಯನ್ನು ಪುಣೆಯ ಡೆಕ್ಕನ್ ಕಾಲೇಜು 1958ರಲ್ಲಿ ಪ್ರಕಟಿಸಿತು. ವಿಲಿಯಂ ಮೆಕ್‌ಕಾರ್ಮ್ಯಾಕ್ ಧಾರವಾಡದಲ್ಲಿ ಜಾತಿಯಿಂದ ಜಾತಿಗೆ ಮಾತು ಹೇಗೆ ತಿರುಗುತ್ತದೆಂದು ನೋಡಿದರು. ಆಮೇಲೆ ನಮ್ಮ ಎಂ.ಜಿ. ಕೃಷ್ಣಮೂರ್ತಿಯವರ ಜೊತೆ ಸೇರಿ ಅಮೆರಿಕದ ವಿದ್ಯಾರ್ಥಿಗಳಿಗಾಗಿ ಆಡುಮಾತಿನ ಪಠ್ಯವೊಂದನ್ನು ತಂದರು. 1961ರಲ್ಲಿ ಹುಟ್ಟಿದ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್ ತನ್ನ ಕನ್ನಡ ಪಾಠಕ್ಕೆ ಮೈಸೂರನ್ನೇ ಆರಿಸಿಕೊಂಡಿತು. 1969ರ ಜುಲೈನಲ್ಲಿ ಇದೇ ಊರಿನಲ್ಲಿ ಭಾರತೀಯ ಭಾಷಾ ಸಂಸ್ಥಾನ ಶುರುವಾಯಿತು. ಊರು ತುಂಬ ಭಾಷೆ ಕಲಿಸುವವರು. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಿಗ್ಗೆ ನಡೆಯಲು ಹೋದರೆ ಮುಂದಿನಿಂದ ಒಬ್ಬ ಧ್ವನಿವಿಜ್ಞಾನಿ, ಹಿಂದಿನಿಂದ ಒಬ್ಬ ನಿಘಂಟುಕಾರ ಸಿಗುತ್ತಿದ್ದ ಕಾಲ ಅದು. ನಮ್ಮದು ಆ ದೊಡ್ಡ ಸಂಸಾರದ ಪಕ್ಕದ ಸಣ್ಣ ಬಿಡಾರ. ವಿನಿಮಯ ಕಾರ್ಯಕ್ರಮದಡಿ ಒಂದು ವರ್ಷಕ್ಕೋ ಆರು ತಿಂಗಳಿಗೋ ಬರುತ್ತಿದ್ದವರಿಗೆ ಬೆಳಿಗ್ಗೆ ಮೂರು ಗಂಟೆ ಪಾಠ, ಮಧ್ಯಾಹ್ನ ಒಬ್ಬೊಬ್ಬರಿಗೇ ಮಾತಿನ ಅಭ್ಯಾಸ.

ಶುರುವಿನಲ್ಲಿ ನಾವು ಕಲಿಸಿದ್ದು ಯಾರೂ ಆಡದ ಕನ್ನಡ. “ನಾನು ಮಾರುಕಟ್ಟೆಗೆ ಹೋಗುತ್ತೇನೆ. ಅಲ್ಲಿ ತರಕಾರಿಗಳನ್ನು ಕೊಂಡುಕೊಳ್ಳುತ್ತೇನೆ.” ವಿದ್ಯಾರ್ಥಿಗಳು ಪಾಪ ಇದನ್ನು ಬಾಯಿಪಾಠ ಮಾಡಿ ದೇವರಾಜ ಮಾರುಕಟ್ಟೆಗೆ ಹೋದರು. ಒಬ್ಬ ಹುಡುಗ ಬದನೆಕಾಯಿ ರಾಶಿಯ ಮುಂದೆ ನಿಂತು, “ಇವುಗಳ ಬೆಲೆ ಎಷ್ಟಾಗುತ್ತದೆಂದು ದಯವಿಟ್ಟು ತಿಳಿಸುವಿರಾ?” ಎಂದು ಕೇಳಿದನಂತೆ. ಅಂಗಡಿಯವನು ಬೆಲೆ ಹೇಳುವ ಬದಲು ಪಕ್ಕದ ಅಂಗಡಿಯವನನ್ನು ಕೂಗಿ, “ಇಲ್ಲಿ ಬಾರೋ, ಕೇಳು” ಎಂದನಂತೆ. ಮೂರು ಸಲ ಹೇಳಿಸಿದರು. ಬದನೆಕಾಯಿಯನ್ನು ಪುಕ್ಕಟೆ ಕೊಟ್ಟರು. ಹುಡುಗನಿಗೆ ತನ್ನ ಕನ್ನಡದ ಬಗ್ಗೆ ಹೆಮ್ಮೆ ಬಂತು. ಎರಡು ದಿನದ ಮೇಲೆ ವಿಷಯ ತಿಳಿದು ಊಟ ಬಿಟ್ಟ.

ವಿಭಾಗದಲ್ಲಿ ದೊಡ್ಡ ಜಗಳವೇ ಆಯಿತು. ‘ಹೋಗ್ತೀನಿ, ಬರ್ತೀನಿ’ ಎಂದು ಕರಿಹಲಗೆಯ ಮೇಲೆ ಬರೆಯುವುದೆಂದರೆ ಕೆಲವರಿಗೆ ಮನೆಯ ಒಳಬಟ್ಟೆಯನ್ನು ಬೀದಿಯಲ್ಲಿ ಒಣಹಾಕಿದ ಹಾಗೆ. “ಶಿಷ್ಟಭಾಷೆ ಕಲಿಸಿ, ಮಿಕ್ಕಿದ್ದು ಬೀದಿಯಲ್ಲಿ ತಾನಾಗಿ ಬರುತ್ತದೆ” ಎಂದು ಒಬ್ಬರು. “ಬೀದಿಯಲ್ಲಿ ಬದನೆಕಾಯಿ ಮಾತ್ರ ಬರುತ್ತದೆ” ಎಂದು ಇನ್ನೊಬ್ಬರು. ಎರಡು ವರ್ಷ ಎಳೆದಾಡಿ, ಮೊದಲ ಆರು ತಿಂಗಳು ಕಿವಿ ಮತ್ತು ಬಾಯಿ, ಆಮೇಲೆ ಕಣ್ಣು ಮತ್ತು ಕೈ ಎಂದು ಒಪ್ಪಂದವಾಯಿತು. ಹೆರಾಲ್ಡ್ ಶಿಫ್‌ಮನ್ನರ ಆಡುಗನ್ನಡದ ವ್ಯಾಕರಣ 1983ರಲ್ಲಿ ಬಂದಾಗ ಅದರ ಒಂದು ಪ್ರತಿಯನ್ನು ಹಿಡಿದು, “ನೋಡಿ, ವಾಷಿಂಗ್ಟನ್ನಿನಲ್ಲಿ ಇದಕ್ಕೂ ವ್ಯಾಕರಣ ಇದೆ” ಎಂದು ನಮ್ಮ ಕಡೆಯವರೊಬ್ಬರು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ತೋರಿಸಿಕೊಂಡು ಬಂದರು. ಪರದೇಶದವರು ಮುದ್ರೆ ಒತ್ತಿದ ಮೇಲೆ ನಮ್ಮ ಮನೆಮಾತಿಗೆ ಮರ್ಯಾದೆ ಸಿಕ್ಕಿತು. ನಗು ಬರುವ ವಿಷಯವೇ, ಆದರೆ ನಡೆದದ್ದು ಹಾಗೆ.

ಈಗ ಪುಸ್ತಕದ ಎಡಪುಟಗಳಿಗೆ ಬರುತ್ತೇನೆ.

ಮೊದಲ ಪುಟದಲ್ಲೇ ‘ನಾನು ಆರು ತಿಂಗಳು ಹಲ್ಲಿಯಲ್ಲಿ ವಾಸ ಮಾಡಿದೆ’ ಎಂದಿದೆ. ಅದರ ಕೆಳಗೆ ‘ನಾನು ಕಾಫಿ ಬೇಕು’. ಈ ಎರಡನೆಯದನ್ನು ತಿದ್ದಲು ಒಂದು ತಿಂಗಳು ಬೇಕು. ನನಗೆ ಬೇಕು, ನನಗೆ ಗೊತ್ತು, ನನಗೆ ಹಸಿವು, ನನಗೆ ಜ್ವರ, ನನಗೆ ಇಷ್ಟ. “ಏನು ಮೇಡಂ, ನಿಮ್ಮ ಭಾಷೆಯಲ್ಲಿ ಮನುಷ್ಯ ಏನೂ ಮಾಡುವುದಿಲ್ಲವೇ, ಎಲ್ಲವೂ ಅವನ ಹತ್ತಿರ ತಾನಾಗಿ ಬರುತ್ತದೆಯೇ?” ಎಂದು ಮಿನೆಸೋಟದ ಹುಡುಗಿ ಕೇಳಿದಳು. ನಾನು ಎಂ.ಎ.ಯಲ್ಲಿ ಕೇಶಿರಾಜನನ್ನು ಓದಿ ರ‍್ಯಾಂಕು ತೆಗೆದವಳು. ಚತುರ್ಥಿ ವಿಭಕ್ತಿ ಎಂದು ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಅವಳು ಕೇಳಿದ್ದು ವಿಭಕ್ತಿಯನ್ನಲ್ಲ.

ಇನ್ನೊಬ್ಬ ಗಿಕಾರದ ಜೋಡಿಮಾತು ಕಲಿತು ಖುಷಿಯಾಗಿಬಿಟ್ಟ. ಕಾಫಿ ಗೀಫಿ, ಪುಸ್ತಕ ಗಿಸ್ತಕ, ಮದುವೆ ಗಿದುವೆ. ವಾರವೆಲ್ಲ ಕಂಡದ್ದಕ್ಕೆಲ್ಲ ‘ಗಿ’ ಹಚ್ಚಿ, ಶುಕ್ರವಾರ ಬಂದು, “ಗಿಳಿಗೆ ಏನು ಮೇಡಂ?” ಎಂದ. ನಾನು ಬಾಯಿ ತೆರೆದೆ, ಮುಚ್ಚಿದೆ. ಗಿಳಿ ಗಿಳಿ? ಸ್ಟಾಫ್ ರೂಮಿಗೆ ಹೋಗಿ ಕೇಳಿದರೆ ಒಬ್ಬರು ‘ಗಿಳಿ ಪಿಳಿ’ ಎಂದರು, ಇನ್ನೊಬ್ಬರು ‘ಗಿಳಿ ಗುಬ್ಬಿ ಅಂತೀವಿ’ ಎಂದು ಜಾರಿಕೊಂಡರು, ಮೂರನೆಯವರು “ಅಂಥ ಸಂದರ್ಭ ಬರುವುದಿಲ್ಲ” ಎಂದು ತೀರ್ಪು ಕೊಟ್ಟರು. ಹುಟ್ಟಿದಾಗಿನಿಂದ ಆಡುತ್ತ ಬಂದ ನಾವು ನಾಲ್ವರು ಅಧ್ಯಾಪಕರು ಗಿಳಿಯ ಮುಂದೆ ಸೋತಿದ್ದೆವು. ಬಲಪುಟದಲ್ಲಿ ಅಲ್ಲಿ ಇಂದಿಗೂ ಖಾಲಿ ಇದೆ.

ಇರಾನಿನಿಂದ ಮೈಸೂರಿಗೆ ಪದವಿ ಓದಲು ಬರುತ್ತಿದ್ದವರು ಬಹಳ. ಅವರಲ್ಲಿ ಇಬ್ಬರು ಮೂವರು ನಮ್ಮ ತರಗತಿಗೂ ಬರುತ್ತಿದ್ದರು. ಅವರಿಗೆ ನಮ್ಮ ಸರ್ಕಾರಿ ಕನ್ನಡ ಅರ್ಧ ಮನೆಮಾತಿನ ಹಾಗೆ. ಸರ್ಕಾರ, ದರ್ಬಾರು, ಜಮೀನು, ರಸೀದಿ, ಬಂದೋಬಸ್ತು, ದಸ್ತಾವೇಜು. ಒಂದು ದಿನ ಒಬ್ಬನಿಗೆ ‘ಜವಾನ’ ಎಂಬ ಮಾತು ಎದುರಾಯಿತು. ಪಾರ್ಸಿಯಲ್ಲಿ ಅದರರ್ಥ ತರುಣ. ಅಷ್ಟರಲ್ಲಿ ನಮ್ಮ ವಿಭಾಗದ ಜವಾನ ಹಾಜರಿ ಪುಸ್ತಕ ಹಿಡಿದು ಮೆಟ್ಟಿಲು ಹತ್ತಿ ಬಂದರು. ಬೆನ್ನು ಬಾಗಿತ್ತು, ನಿವೃತ್ತಿಗೆ ಎರಡು ತಿಂಗಳಿತ್ತು. “ಇವರು ಜವಾನ” ಎಂದೆ. ಇರಾನಿ ಹುಡುಗ ಎದ್ದು ನಿಂತು, ಎದೆಯ ಮೇಲೆ ಕೈಯಿಟ್ಟು ಬಾಗಿ ನಮಸ್ಕಾರ ಮಾಡಿದ. ಅರ್ಥ ಬಿಡಿಸಿ ಹೇಳಿದ ಮೇಲೆ ಆ ಹಿರಿಯರು ಅಂದಿಡೀ ಮೀಸೆ ತಿರುವುತ್ತ ಓಡಾಡಿದರು.

ಜಪಾನಿನವರಿಗೆ ಕನ್ನಡದ ವಾಕ್ಯ ನೀರು ಕುಡಿದಷ್ಟು ಸುಲಭ. ಅವರಲ್ಲೂ ಕ್ರಿಯಾಪದ ಕೊನೆಗೇ, ಪ್ರತ್ಯಯ ಹಿಂದುಗಡೆಯೇ. ‘ಅಂತ ಹೇಳಿದ’ ಎಂಬುದನ್ನು ಅಮೆರಿಕದವರಿಗೆ ತಿಂಗಳುಗಟ್ಟಲೆ ಹೇಳಿಕೊಟ್ಟರೂ ಬಾರದು. ಒಸಾಕಾದ ಹುಡುಗಿ ಒಂದೇ ಗಂಟೆಯಲ್ಲಿ ಹಿಡಿದಳು. ಆದರೆ ರ, ಲ, ಳ ಮೂರೂ ಸೇರಿ ಅವಳನ್ನು ಅಳಿಸಿದವು. ‘ಬಾಳೆಹಣ್ಣು’ ಎಂಬುದಕ್ಕೆ ಹೆದರಿ ಅವಳು ಇಡೀ ವರ್ಷ ಸೀಬೆಹಣ್ಣೇ ತಿಂದಳು. ನಂಜನಗೂಡು ರಸಬಾಳೆಯ ಊರಿಗೆ ಬಂದು ಹೀಗಾಯಿತಲ್ಲ ಎಂದು ನನಗೇ ಸಂಕಟವಾಗಿ ಕೊನೆಯ ದಿನ ಒಂದು ಚಿಪ್ಪು ತಂದು ಕೊಟ್ಟೆ.

ನಮ್ಮ ಸೌಜನ್ಯದ ಮಾತುಗಳು ಎಲ್ಲರನ್ನೂ ಸಮನಾಗಿ ಕಾಡಿದವು. ಎದುರಾದವರೆಲ್ಲ “ಊಟ ಆಯ್ತಾ?” ಎಂದು ಕೇಳುವುದು ಏಕೆ? ಆಗಿಲ್ಲ ಎಂದರೆ ಹಾಕುತ್ತಾರೆಯೇ? ಒಬ್ಬನಂತೂ ಕೇಳಿದವರಿಗೆಲ್ಲ ತಿಂದದ್ದರ ಪೂರ್ತಿ ಪಟ್ಟಿ ಒಪ್ಪಿಸುತ್ತಿದ್ದ. ಅದು ಪ್ರಶ್ನೆ ಅಲ್ಲಪ್ಪ, ಮಾತಾಡಿಸುವ ರೀತಿ ಎಂದು ವಿವರಿಸಿದೆ. ಹಾಗಾದರೆ ಉತ್ತರ ಬೇಡವೇ ಎಂದ. ಉತ್ತರ ಬೇಕು, ಪಟ್ಟಿ ಬೇಡ ಎಂದೆ. ‘ಹೋಗಿ ಬರ್ತೀನಿ’ ಎಂದು ಹೊರಟ ಅತಿಥಿ ಮತ್ತೆ ಬರುತ್ತಾರೆಂದು ಬಾಗಿಲು ತೆರೆದಿಟ್ಟು ಕಾದವರೂ ಇದ್ದರು.

ಈ ವಿದ್ಯಾರ್ಥಿಗಳನ್ನು ಸಾಕಿದ ಮನೆಗಳ ಹೆಸರು ನಮ್ಮ ಯಾವ ವಾರ್ಷಿಕ ವರದಿಯಲ್ಲೂ ಇಲ್ಲ. ವಿದೇಶಿಯರನ್ನು ಮನೆಯಲ್ಲಿ ಇಟ್ಟುಕೊಂಡರೆ 24 ಗಂಟೆಯೊಳಗೆ ಸಿ-ಫಾರಂ ತುಂಬಿ ಕೊಡಬೇಕಿತ್ತು. ಆರು ತಿಂಗಳಿಗಿಂತ ಹೆಚ್ಚು ನಿಲ್ಲುವವರು ಬಂದ 14 ದಿನದೊಳಗೆ ಹೆಸರು ನೋಂದಾಯಿಸಬೇಕಿತ್ತು. ಮನೆಯೊಡತಿಯರು ಈ ಫಾರಂಗಳನ್ನು ತುಂಬಲು ಕಲಿತದ್ದು, ಪಾಸ್‌ಪೋರ್ಟ್ ಸಂಖ್ಯೆಯನ್ನು ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಗ್ಯಾಸ್ ಸಿಲಿಂಡರ್ ಬಂದ ತಾರೀಖಿನ ಪಕ್ಕ ಬರೆದಿಟ್ಟದ್ದು, ಇದೂ ನಮ್ಮ ಸಂಸ್ಥೆಯ ಇತಿಹಾಸವೇ. ಎಡಗೈಯಲ್ಲಿ ಬಡಿಸಿಕೊಂಡದ್ದು, ನೀರಿನ ಲೋಟಕ್ಕೆ ಬಾಯಿ ಕಚ್ಚಿದ್ದು, ಬಚ್ಚಲ ಹಂಡೆಯ ಒಲೆಗೆ ಪೇಪರು ಎಂದುಕೊಂಡು ಜಾತಕದ ಕಟ್ಟು ಹಾಕಲು ಹೋದದ್ದು ಎಲ್ಲವನ್ನೂ ಅವರು ಸಹಿಸಿದರು.

ಅಂಥ ಒಂದು ಮನೆಯಲ್ಲಿ, ಸರಸ್ವತಿಪುರದಲ್ಲಿ, ಆ ಘಟನೆ ನಡೆಯಿತು. ಜರ್ಮನಿಯ ಹುಡುಗ, ಕಿಟ್ಟೆಲ್ ಕೊನೆಯುಸಿರೆಳೆದ ಟ್ಯೂಬಿಂಗನ್ ಊರಿನ ವಿಶ್ವವಿದ್ಯಾಲಯದಿಂದ ಬಂದವನು. ಅಲ್ಲೇ ವ್ಯಾಕರಣ ಅರೆದು ಕುಡಿದು ಬಂದಿದ್ದ. ಹಿಂದಿನ ದಿನವಷ್ಟೇ ನಾನು ಲೋಪಸಂಧಿ ಪಾಠ ಮಾಡಿದ್ದೆ. ಊರು ಇಂದ, ಊರಿಂದ. ಮಾತು ಇಲ್ಲ, ಮಾತಿಲ್ಲ. ಸಂಧಿ ಮಾಡಿ ಮಾತಾಡಿದರೆ ಕನ್ನಡ ಕನ್ನಡದ ಹಾಗೆ ಕೇಳುತ್ತದೆ ಎಂದೂ ಹೇಳಿದ್ದೆ. ತಪ್ಪಿನಲ್ಲಿ ನನ್ನ ಪಾಲು ಇಷ್ಟು.

ಮನೆಯ ಯಜಮಾನರು ಅವರೆಕಾಯಿ ತರಲು ಹೋಗಿದ್ದರು. ಅಮ್ಮ ಸ್ನಾನಕ್ಕೆ ಹೋಗಿದ್ದರು. ಫೋನು ಬಡಿದುಕೊಂಡಿತು. ನಂಜನಗೂಡಿನಿಂದ ಯಜಮಾನರ ಭಾವಮೈದುನ.

“ಯಜಮಾನರು ಇದ್ದಾರಾ?”

‘ಇನ್ನೂ ಬಂದಿಲ್ಲ’ ಎಂದಿದ್ದರೆ ಮುಗಿಯುತ್ತಿತ್ತು. ಹುಡುಗ ಮನಸ್ಸಿನಲ್ಲೇ ‘ಇನ್ನೂ ಇಲ್ಲ’ ಎಂದುಕೊಂಡು, ನಿಯಮದ ಪ್ರಕಾರ ಸಂಧಿ ಮಾಡಿ, ಸ್ಪಷ್ಟವಾಗಿ, ನಿಧಾನವಾಗಿ ಹೇಳಿದ:

“ಯಜಮಾನರು ಇನ್ನಿಲ್ಲ.”

ಆ ಕಡೆ ಸದ್ದಿಲ್ಲ. ಆಮೇಲೆ, “ಏನಂದ್ರಿ? ಯಾವಾಗ?”

“ಬೆಳಿಗ್ಗೆ ಏಳು ಗಂಟೆಗೆ ಹೋದರು.”

“ಅಯ್ಯೋ ಶಿವನೇ! ಅಕ್ಕ? ಅಕ್ಕ ಎಲ್ಲಿ?”

“ಅಮ್ಮ ಸ್ನಾನ ಮಾಡುತ್ತಿದ್ದಾರೆ.”

ಇದಕ್ಕಿಂತ ಹೆಚ್ಚಿನ ಪುರಾವೆ ಯಾರಿಗೆ ಬೇಕು? ಒಂದು ಗಂಟೆಯೊಳಗೆ ಮನೆಯ ಮುಂದೆ ಟ್ಯಾಕ್ಸಿ ನಿಂತಿತು. ಹೆಂಗಸರು ಗೇಟಿನಲ್ಲೇ ಅಳು ಶುರು ಮಾಡಿದರು. ಒಬ್ಬರ ಕೈಯಲ್ಲಿ ಹಾರವೂ ಇತ್ತು. ಯಜಮಾನರು ಜಗಲಿಯ ಮೇಲೆ ಮೊರ ಮುಂದಿಟ್ಟುಕೊಂಡು ಅವರೆಕಾಯಿ ಸುಲಿಯುತ್ತ ಕೂತಿದ್ದವರು ಗಾಬರಿಯಿಂದ ಎದ್ದು, “ಯಾರಿಗೇನಾಯ್ತೋ?” ಎಂದು ತಾವೂ ಕಣ್ಣೊರೆಸಿಕೊಂಡರು. ಭಾವಮೈದುನರು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತರಂತೆ.

ಆ ಹಾರವನ್ನು ಅಮ್ಮ ದೇವರಿಗೆ ಹಾಕಿದರು. ಬಂದವರೆಲ್ಲ ಹಿತಕವರೆ ಸಾರಿನ ಊಟ ಮಾಡಿಕೊಂಡು ಹೋದರು. ಹುಡುಗ ಕೋಣೆಯ ಬಾಗಿಲು ಹಾಕಿಕೊಂಡಿದ್ದ. ಯಜಮಾನರು ಬಾಗಿಲು ತಟ್ಟಿ, “ಬಾರಪ್ಪ, ನಾನಿನ್ನೂ ಇದ್ದೀನಿ” ಎಂದು ಕರೆದರಂತೆ. ಮರುದಿನ ಅವನು ನನಗೆ ಒಂದು ಪುಟದ ಕ್ಷಮಾಪಣೆ ಬರೆದು ತಂದ. ಅದರಲ್ಲಿ ಒಂದೇ ಒಂದು ಸಂಧಿಯೂ ಇರಲಿಲ್ಲ. ಅಂದಿನಿಂದ ನಮ್ಮ ಪಠ್ಯಕ್ಕೆ ‘ಇಲ್ಲ, ಅಲ್ಲ, ಇನ್ನಿಲ್ಲ, ಇನ್ನೂ ಇಲ್ಲ’ ಎಂಬ ಪಾಠ ಸೇರಿತು. ಈಗ ಬಳಕೆಯಲ್ಲಿರುವ ಪಠ್ಯದಲ್ಲಿ ಅದು ಒಂಬತ್ತನೆಯದು.

ಈ ಮನೆಗಳ ಬಗ್ಗೆ ಇನ್ನೊಂದು ಮಾತನ್ನೂ ಹೇಳಬೇಕು; ಹೇಳದಿದ್ದರೆ ಚಿತ್ರಗುಪ್ತನಿಗೆ ಅಪಚಾರ. ಒಬ್ಬಳು ವಿದ್ಯಾರ್ಥಿನಿ ಬಂದ ತಿಂಗಳೊಳಗೆ ಕೇಳಿದಳು: “ಮೇಡಂ, ನಮ್ಮ ಐದೂ ಮನೆಗಳು ಎರಡೇ ಬಡಾವಣೆಯಲ್ಲಿವೆ. ಐದೂ ಮನೆಯಲ್ಲಿ ಒಂದೇ ಥರ ಅಡುಗೆ, ಒಂದೇ ಥರ ಮಾತು. ಮೈಸೂರೆಲ್ಲ ಹೀಗೇನಾ?” ಮನೆ ಹುಡುಕುವ ಜವಾಬ್ದಾರಿ ನನ್ನದೇ ಆಗಿತ್ತು. ಪರಿಚಯದವರಿಗೆ ಹೇಳಿದ್ದೆ, ಅವರು ತಮ್ಮ ಪರಿಚಯದವರಿಗೆ ಹೇಳಿದ್ದರು. ಎಲ್ಲರೂ ಒಂದೇ ಜಾತಿಯವರಾದದ್ದು ನನ್ನ ಗಮನಕ್ಕೇ ಬಂದಿರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಬಂದಿತ್ತು. ಅನುಕೂಲ ಎಂದು ಸುಮ್ಮನಿದ್ದೆ.

ಈ ಹುಡುಗಿ ಮಾನವಶಾಸ್ತ್ರದವಳು. ಸ್ಕಾರ್ಲೆಟ್ ಎಪ್‌ಸ್ಟೀನ್ ಐವತ್ತರ ದಶಕದಲ್ಲಿ ಮಂಡ್ಯದ ಹತ್ತಿರ ಎರಡು ಹಳ್ಳಿಗಳಲ್ಲಿದ್ದು, ನೀರಾವರಿ ಬಂದ ಮೇಲೆ ಊರು ಹೇಗೆ ಬದಲಾಯಿತೆಂದು ಬರೆದ ಪುಸ್ತಕವನ್ನು ಓದಿಕೊಂಡು ಬಂದಿದ್ದಳು. ಎಂ.ಎನ್. ಶ್ರೀನಿವಾಸರ ರಾಂಪುರದ ಕಥೆಯೂ ಬಾಯಲ್ಲೇ ಇತ್ತು. 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಅವರ ಟಿಪ್ಪಣಿಗಳು ಬೆಂಕಿಗೆ ಸಿಕ್ಕಿದ್ದು, ಆಮೇಲೆ ನೆನಪಿನಿಂದಲೇ ಪುಸ್ತಕ ಬರೆದದ್ದು ಕೇಳಿದ್ದ ಅವಳು ನನ್ನ ಕೆಂಪು ಪುಸ್ತಕವನ್ನು ಹಟ ಹಿಡಿದು ಜೆರಾಕ್ಸ್ ಮಾಡಿಸಿಟ್ಟಳು. ನಾಲ್ಕು ತಿಂಗಳ ಪಾಠ ಮುಗಿಸಿ ಮಂಡ್ಯ ಕಡೆಯ ಒಂದು ಹಳ್ಳಿಗೆ ಹೋದಳು. ಮೂರು ತಿಂಗಳ ಮೇಲೆ ವರದಿ ಒಪ್ಪಿಸಲು ಬಂದವಳು ಬಾಗಿಲಲ್ಲೇ, “ಚೆನ್ನಾಗದೀರಾ ಮೇಡಮ್ಮೋರೆ? ಉಂಡ್ರಾ?” ಎಂದಳು.

ಕೋಣೆಯಲ್ಲಿದ್ದ ನಮ್ಮ ಸಹೋದ್ಯೋಗಿಯೊಬ್ಬರು ಜೋರಾಗಿ ನಕ್ಕರು. ಅವಳು ಮಾತು ಮುಂದುವರಿಸಿದಳು. ತಾನಿದ್ದ ಮನೆಯ ಅವ್ವ ದಿನಾ “ಆಲು ಕಾಯ್ಸಿದ್ದೀನಿ, ಕುಡ್ಕೊಂಡ್ ಓಗು” ಅಂತಿದ್ದರಂತೆ. ನಾನು ಅಭ್ಯಾಸಬಲದಿಂದ ಪೆನ್ನು ತೆಗೆದು ಎಡಪುಟದಲ್ಲಿ ‘ಆಲು, ಓಗು’ ಎಂದು ಬರೆದೆ. ಬಲಪುಟದಲ್ಲಿ ‘ಹಾಲು, ಹೋಗು’ ಎಂದು ಬರೆಯುತ್ತಿದ್ದಾಗ ಅವಳು ಮೇಜಿನ ಮೇಲೆ ಬಗ್ಗಿ ನೋಡಿ ಕೇಳಿದಳು: “ಇದು ಯಾರ ತಪ್ಪು ಮೇಡಂ, ನನ್ನದಾ, ಅವ್ವಂದಾ?”

ಆ ಕೋಣೆಯಲ್ಲಿ ಯಾರಿಗೂ ಗೊತ್ತಿರದ ಒಂದು ವಿಷಯ ಇಲ್ಲಿ ಬರೆಯುತ್ತೇನೆ. ನಾನು ಹುಟ್ಟಿ ಬೆಳೆದದ್ದು ಅದೇ ಸೀಮೆಯಲ್ಲಿ. ನಮ್ಮವ್ವನೂ ‘ಆಲು’ ಎನ್ನುತ್ತಿದ್ದಳು, ನಾನೂ ಎನ್ನುತ್ತಿದ್ದೆ. ಕಾಲೇಜಿಗೆ ಮೈಸೂರಿಗೆ ಬಂದ ಮೊದಲ ವಾರ ತರಗತಿಯಲ್ಲಿ ಎದ್ದು ನಿಂತು ಓದುವಾಗ ‘ಹೂವು’ ಎನ್ನಬೇಕಾದಲ್ಲಿ ‘ಊವು’ ಎಂದೆ; ಬೆಂಚುಗಟ್ಟಲೆ ನಕ್ಕರು. ತಿದ್ದಿಕೊಳ್ಳುವ ಭರದಲ್ಲಿ ಆಕಾಶವನ್ನು ‘ಹಾಕಾಶ’ ಮಾಡಿದೆ, ಇನ್ನೂ ನಕ್ಕರು. ಹಾಸ್ಟೆಲಿನ ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಹಾಲು, ಹಾವು, ಹಸು, ಹಗ್ಗ ಎಂದು ಒಬ್ಬಳೇ ಹೇಳಿಕೊಳ್ಳುತ್ತಿದ್ದೆ. ವರ್ಷ ತುಂಬುವುದರೊಳಗೆ ಆ ಹುಡುಗಿ ಹೋಗಿ ಬೇರೆಯವಳು ಬಂದಿದ್ದಳು. ಆಮೇಲೆ ಅವ್ವ ಊರಿಂದ ಬಂದಾಗ ಗೆಳತಿಯರ ಎದುರು ಅವಳನ್ನು ಹೆಚ್ಚು ಮಾತಾಡಿಸುತ್ತಿರಲಿಲ್ಲ. ಈಗ ಕಡಲಾಚೆಯ ಹುಡುಗಿಯೊಬ್ಬಳು ಅವ್ವನ ಮಾತನ್ನು ಹೊತ್ತುಕೊಂಡು ಬಂದು ನನ್ನ ಮುಂದಿಟ್ಟು ತಪ್ಪು ಯಾರದೆಂದು ಕೇಳುತ್ತಿದ್ದಳು.

ಬರೆದದ್ದನ್ನು ಹೊಡೆದುಹಾಕಿದೆ. ಅವಳು ಹೋದ ಮೇಲೆ ಬಹಳ ಹೊತ್ತು ಹೊಂಗೆಮರ ನೋಡುತ್ತ ಕೂತಿದ್ದೆ. ಮುಂದಿನ ವರ್ಷದಿಂದ ಆಡುಮಾತಿನ ಪಾಠಕ್ಕೆ ಮಂಡ್ಯದ, ಧಾರವಾಡದ, ಮಂಗಳೂರಿನ ದನಿಗಳ ಕ್ಯಾಸೆಟ್ಟು ಸೇರಿದವು. ಹೊಂಟೇನ್ರಿ, ಹೋಗ್ತೇನೆ ಮಾರಾಯ್ರೆ, ಓಯ್ತೀನಿ ಕಣವ್ವ. ವಸತಿಗೆ ಈರನಗೆರೆಯಲ್ಲಿ ಒಂದು, ಕುಂಬಾರಕೊಪ್ಪಲಿನಲ್ಲಿ ಎರಡು ಮನೆ ಸಿಕ್ಕವು. ಮಂಡ್ಯದ ಕ್ಯಾಸೆಟ್ಟಿನಲ್ಲಿರುವ ಹೆಂಗಸಿನ ದನಿ ಯಾರದೆಂದು ಹೊಸ ಅಧ್ಯಾಪಕರು ಕೇಳುವುದುಂಟು. ಅದು ನನ್ನದು.

ಇತ್ತೀಚಿನ ವರ್ಷಗಳ ಬಗ್ಗೆ ಹೆಚ್ಚು ಬರೆಯಲಾರೆ. ಬರುವವರು ಕಡಿಮೆಯಾದರು. ಗೋಕುಲಂ ಕಡೆ ಯೋಗ ಕಲಿಯಲು ಬರುವ ವಿದೇಶಿಯರು ಬಹಳ, ಅವರಿಗೆ ಎಳನೀರು ಕೊಳ್ಳುವಷ್ಟು ಕನ್ನಡ ಸಾಕು. ಎಳನೀರಿನವನಿಗೂ ಈಗ ಇಂಗ್ಲಿಷು ಬರುತ್ತದೆ. ಕೊರೋನಾ ಕಾಲದಲ್ಲಿ ಪರದೆಯ ಮೇಲೆ ಪಾಠ ನಡೆಯಿತು. ಹೊಂಗೆಮರ ಅಲ್ಲೇ ಇದೆ, ಕೋಣೆಯಲ್ಲಿ ಈಗ ಪರೀಕ್ಷಾ ವಿಭಾಗದ ಉತ್ತರಪತ್ರಿಕೆ ಪೇರಿಸಿದ್ದಾರೆ.

ಸರಸ್ವತಿಪುರದ ಯಜಮಾನರು ತೀರಿಕೊಂಡದ್ದು ಆ ಟ್ಯಾಕ್ಸಿ ಬಂದುಹೋದ ಎಷ್ಟೋ ವರ್ಷಗಳ ಮೇಲೆ. ಹದಿಮೂರನೆಯ ದಿನ ನಾನೂ ಹೋಗಿದ್ದೆ. ಬಂದವರೆಲ್ಲ ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಅಮ್ಮ ಒಳಕೋಣೆಯಲ್ಲಿ ಗೋಡೆಗೊರಗಿ ಕೂತಿದ್ದರು. ಮೊಮ್ಮಗ ಫೋನು ತಂದು, “ಜರ್ಮನಿಯಿಂದ” ಎಂದು ಅವರ ಕೈಗಿಟ್ಟು ಸ್ಪೀಕರ್ ಹಾಕಿದ. ಆ ಹುಡುಗನಿಗೂ ಈಗ ತಲೆ ನರೆತಿರಬೇಕು. ಅಮ್ಮ ಕಿವಿಗೆ ಹಿಡಿದುಕೊಂಡು, ನಗುತ್ತಿದ್ದರೋ ಅಳುತ್ತಿದ್ದರೋ ನನಗೆ ಕಾಣಲಿಲ್ಲ, “ಅವತ್ತು ನೀನು ಫೋನಲ್ಲಿ ಹೇಳಿದ್ದೆಯಲ್ಲೋ, ಅದು ಈಗ ಸರಿಯಾಯ್ತು ನೋಡಪ್ಪ” ಎಂದರು.

ಆ ಕಡೆಯಿಂದ ತುಂಬ ಹೊತ್ತು ಏನೂ ಕೇಳಲಿಲ್ಲ. ಆಮೇಲೆ ಅವನ ದನಿ, ಇಷ್ಟು ವರ್ಷ ಕಳೆದರೂ ಅಕ್ಷರ ಬಿಡಿಸಿ ಹೇಳುವ ಅದೇ ದನಿ:

“ಅಮ್ಮ, ನಿಮ್ಮ ಊಟ ಆಯ್ತಾ?”

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು.

“ಇನ್ನೂ ಇಲ್ಲ ಕಣಪ್ಪ.”